ನಳನ ನೆತ್ತ, ಹುಲಿಯ ಮನೆ: ಕಠಿಣ ತಂತ್ರದಾಟಗಳ ಆಕರ್ಷಣೆಯನ್ನು ಕುರಿತು ಒಂದು ವಿವೇಚನೆ

'ಆಡು' ಎಂಬ ಕನ್ನಡ ಧಾತುವಿನ ಅರ್ಥವ್ಯಾಪ್ತಿ ದೊಡ್ಡದು. ಮಕ್ಕಳು ಆಡುತ್ತಾರೆ, ಹಿರಿಯರು ಮಾತು ಆಡುತ್ತಾರೆ, ಎಲೆ ಗಾಳಿಗೆ ಆಡುತ್ತದೆ, ಮೇಳದವರು ರಾತ್ರಿಯಿಡೀ ಬಯಲಿನಲ್ಲಿ ಆಟ ಆಡುತ್ತಾರೆ. ಕವಡೆ ಎಸೆದು ಕಾಯಿ ನಡೆಸುವುದಕ್ಕೂ ಕಿರೀಟ ಕಟ್ಟಿಕೊಂಡು ಭೀಮನಾಗಿ ರಂಗಕ್ಕೆ ಬರುವುದಕ್ಕೂ ನಮ್ಮ ನುಡಿ ಒಂದೇ ಹೆಸರನ್ನು ಕೊಟ್ಟಿದೆ. ಆದರೆ ಕನ್ನಡ ಜಾನಪದ ಅಧ್ಯಯನ ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇರಿಸಿಕೊಂಡು ಬಂದಿದೆ. ಮಣೆಯಾಟಗಳು 'ಜನಪದ ಕ್ರೀಡೆಗಳು' ಎಂಬ ಶೀರ್ಷಿಕೆಯ ಕೆಳಗೆ, ದೊಡ್ಡಾಟ ಸಣ್ಣಾಟಗಳು 'ಜನಪದ ರಂಗಭೂಮಿ' ಎಂಬುದರ ಕೆಳಗೆ. ಮೊದಲನೆಯದಕ್ಕೆ ದೊರೆತಿರುವ ಪುಟಗಳು ಎರಡನೆಯದಕ್ಕೆ ಹೋಲಿಸಿದರೆ ತೀರ ಕಡಿಮೆ. ಹಾಡು ಇದ್ದಲ್ಲಿ ಪಠ್ಯ ಇರುತ್ತದೆ, ಪಠ್ಯ ಇದ್ದಲ್ಲಿ ಸಂಪಾದಕ ಇರುತ್ತಾನೆ. ಮಣೆಯಾಟಕ್ಕೆ ಹಾಡಿಲ್ಲ, ನಿಯಮ ಮಾತ್ರ ಇದೆ. ನಿಯಮವನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪಠ್ಯವೆಂದು ಓದಲು ಇನ್ನೂ ಕಲಿತಿಲ್ಲ.

ಈ ಕೊರತೆ ಇಂದು ಎದ್ದು ಕಾಣುವುದಕ್ಕೆ ಒಂದು ಕಾರಣವಿದೆ. ಪಾತ್ರಧಾರಣೆ ಮತ್ತು ಮಣೆಯಾಟ ಎರಡನ್ನೂ ಒಂದುಗೂಡಿಸಿದ ಒಂದು ಪ್ರಕಾರ ವಿಡಿಯೋ ಗೇಮುಗಳಲ್ಲಿ ಬೆಳೆದುನಿಂತಿದೆ. 'ಟ್ಯಾಕ್ಟಿಕಲ್ ರೋಲ್-ಪ್ಲೇಯಿಂಗ್' ಎಂದು ಕರೆಯಲಾಗುವ ಇದನ್ನು ಪ್ರಸ್ತುತ ಲೇಖನದಲ್ಲಿ 'ಪಾತ್ರಪ್ರಧಾನ ತಂತ್ರದಾಟ' ಎಂದು ಕರೆಯಲಾಗಿದೆ. ಇದರಲ್ಲಿ ಅತ್ಯಂತ ಕಠಿಣವಾದ ಆಟಗಳನ್ನೇ ಹುಡುಕಿ, ಹತ್ತು ಸಲ ಸೋತು, ಹನ್ನೊಂದನೆಯ ಸಲ ಕೂಡುವವರಿದ್ದಾರೆ. ಸೋಲನ್ನು ಹೀಗೆ ಬಯಸಿ ಪಡೆಯುವುದು ಏಕೆ ಎಂಬ ಪ್ರಶ್ನೆಗೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಕಥನ ಹಾಗೂ ಆಟಗಳ ಪರಂಪರೆಯಿಂದ ಯಾವ ಉತ್ತರ ದೊರೆಯಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಈ ಪ್ರಕಾರದ ವಂಶಾವಳಿಯನ್ನು ಸಂಕ್ಷೇಪವಾಗಿ ನೋಡಬಹುದು. ಭಾರತದ ಚತುರಂಗ ಪರ್ಷಿಯ, ಅರಬ್ ನಾಡುಗಳ ಮೂಲಕ ಯೂರೋಪನ್ನು ಮುಟ್ಟಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬಾತ ಚದುರಂಗದ ಮಣೆಯನ್ನೇ ಹಿಗ್ಗಿಸಿ, ಮನೆಗಳಿಗೆ ಬೆಟ್ಟ, ಹೊಳೆ, ಊರುಗಳ ಗುಣ ಕೊಟ್ಟು ಯುದ್ಧದಾಟವೊಂದನ್ನು ರಚಿಸಿದನು. 1824ರಲ್ಲಿ ಪ್ರಷ್ಯದ ಸೈನ್ಯ ರೈಸ್‌ವಿಟ್ಸ್ ರೂಪಿಸಿದ ಆಟವನ್ನು ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡಿತು. ಅದರಲ್ಲಿ ದಾಳವೂ ಸೇರಿತ್ತು. ಈ ಸಾಲಿನ ಯುದ್ಧದಾಟಗಳಿಂದಲೇ 1974ರಲ್ಲಿ ಅಮೆರಿಕದಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹುಟ್ಟಿತು. ಇಲ್ಲಿ ಆಟಗಾರ ಸೈನ್ಯವನ್ನು ನಡೆಸುವವನಲ್ಲ, ಒಬ್ಬ ವ್ಯಕ್ತಿಯ ವೇಷ ತೊಟ್ಟವನು. 1990ರಲ್ಲಿ ಜಪಾನಿನಲ್ಲಿ ಹೊರಬಂದ 'ಫೈರ್ ಎಂಬ್ಲೆಮ್' ಈ ಎರಡು ಎಳೆಗಳನ್ನು ಹೆಣೆಯಿತು: ಮಣೆ ಚದುರಂಗದ್ದು, ಕಾಯಿಗಳಿಗೆ ಮಾತ್ರ ಹೆಸರು, ಮುಖ, ಬಂಧುಬಳಗ, ನೆನಪುಗಳಿವೆ. ಕಾದಾಟದಲ್ಲಿ ಸತ್ತ ಕಾಯಿ ಸತ್ತೇಹೋಗುತ್ತದೆ. ಮುಂದಿನ ಅಧ್ಯಾಯಗಳಲ್ಲಿ ಅದರ ಮಾತಿಲ್ಲ. 1995ರ 'ಟ್ಯಾಕ್ಟಿಕ್ಸ್ ಓಗರ್', 1997ರ 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್' ಇದೇ ಹಾದಿಯವು. ಇವುಗಳ ಪಕ್ಕದಲ್ಲಿ ಇರಿಸಬಹುದಾದ 2012ರ 'ಎಕ್ಸ್-ಕಾಮ್'ನಲ್ಲಿ ಇಟ್ಟ ನಡೆಯನ್ನು ಹಿಂತೆಗೆದುಕೊಳ್ಳಲು ಅವಕಾಶವೇ ಇಲ್ಲದ ಒಂದು ಬಗೆಯನ್ನು ಆಟಗಾರನೇ ಆರಿಸಿಕೊಳ್ಳಬಹುದು. ಸುಲಭದ ದಾರಿ ಎದುರಿಗೇ ಇರುವಾಗ ಕಠಿಣವಾದುದನ್ನು ಆರಿಸಿಕೊಳ್ಳುವುದು ಇಲ್ಲಿ ಗಮನಿಸಬೇಕಾದ ಸಂಗತಿ.

ಫ್ರೆಂಚ್ ಚಿಂತಕ ರೋಜೆ ಕೈವಾ 1958ರ ತನ್ನ ಗ್ರಂಥದಲ್ಲಿ ಆಟದ ನಾಲ್ಕು ಮೂಲತತ್ತ್ವಗಳನ್ನು ಹೇಳಿದನು: ಸ್ಪರ್ಧೆ, ದೈವ, ವೇಷ, ಭ್ರಮಣ. ಇವು ಎರಡೆರಡಾಗಿ ಕೂಡಬಲ್ಲವು. ಆದರೆ ಎಲ್ಲ ಜೋಡಿಗಳೂ ಕೂಡುವುದಿಲ್ಲ ಎಂಬುದು ಆತನ ವಾದ. ದೈವ ಮತ್ತು ವೇಷ ಎಂದಿಗೂ ಜೊತೆಗೂಡಲಾರವು ಎಂದು ಆತ ತಿಳಿದಿದ್ದನು. ದಾಳದ ಮುಂದೆ ವೇಷ ಹಾಕಿ ಏನು ಪ್ರಯೋಜನ, ವಿಧಿಯನ್ನು ವಂಚಿಸಲಾದೀತೆ ಎಂಬುದು ಆ ವಾದದ ತಿರುಳು. ಆಧುನಿಕ ಆಟಗಳ ಅಧ್ಯಯನದಲ್ಲಿ ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಆದರೆ ಹಾನಗಲ್ಲಿನ ಕಡೆಯಿಂದ ನೋಡುವವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ.

ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ, ವಿರಾಟನಗರಿ ಎಂಬ ಹೆಸರನ್ನೂ ಪಡೆದಿದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂಬ ನಂಬಿಕೆ ಊರಿನಲ್ಲಿ ಇಂದಿಗೂ ಜೀವಂತವಾಗಿದೆ. ಇದರ ಚಾರಿತ್ರಿಕತೆ ನಮಗೆ ಮುಖ್ಯವಲ್ಲ. ವಿರಾಟನಗರಿ ಎಂದು ಹೇಳಿಕೊಳ್ಳುವ ಊರುಗಳು ದೇಶದಲ್ಲಿ ಇನ್ನೂ ಇವೆ. ಮುಖ್ಯವಾದುದು, ಒಂದು ಸೀಮೆ ತನ್ನನ್ನು ಯಾವ ಕಥೆಯೊಂದಿಗೆ ಗುರುತಿಸಿಕೊಂಡಿದೆ ಎಂಬುದು. ವಿರಾಟಪರ್ವ ಮಹಾಭಾರತದ ವೇಷಪರ್ವ. ಅರಸ ಜೂಜಿನ ಒಡನಾಡಿಯಾಗಿ, ಭೀಮ ಬಾಣಸಿಗನಾಗಿ, ಅರ್ಜುನ ನಾಟ್ಯಾಚಾರ್ಯೆಯಾಗಿ, ದ್ರೌಪದಿ ಸೈರಂಧ್ರಿಯಾಗಿ ಪಾತ್ರ ವಹಿಸಿದ್ದಾರೆ. ಈ ಪಾತ್ರಾಭಿನಯಕ್ಕೆ ಕಟ್ಟುನಿಟ್ಟಾದ ನಿಯಮವಿದೆ: ಒಂದು ವರ್ಷದೊಳಗೆ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ವೇಷ ತೊಟ್ಟ ಧರ್ಮರಾಯ ಮಾಡುವ ಕೆಲಸವಾದರೂ ಏನು? ನೆತ್ತವಾಡುವುದು. ಕೈವಾ ಕೂಡಲಾರವು ಎಂದ ವೇಷ ಮತ್ತು ದೈವ ಎರಡೂ ಕಂಕನ ಅಂಗೈಯಲ್ಲಿ ಕೂಡಿವೆ. ಉತ್ತರನ ಗೆಲುವನ್ನು ಹೊಗಳುವ ವಿರಾಟನ ಎದುರು ಕಂಕ ಬೃಹನ್ನಳೆಯನ್ನು ಹೊಗಳಿದಾಗ ಸಿಟ್ಟಿಗೆದ್ದ ಅರಸ ಅದೇ ದಾಳದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ. ರಕ್ತ ನೆಲಕ್ಕೆ ಬೀಳದಂತೆ ಸೈರಂಧ್ರಿ ತಡೆಹಿಡಿಯುತ್ತಾಳೆ. ಪಾತ್ರದ ಮರ್ಯಾದೆಯೂ ಆಟದ ಹಿಡಿತವೂ ಒಂದೇ ಕ್ಷಣದಲ್ಲಿ ಪರೀಕ್ಷೆಗೆ ಒಳಗಾಗುವ ಸನ್ನಿವೇಶವಿದು.

ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಜೂಜಿನ ವಿದ್ಯೆಯಿಂದ ಹೊಟ್ಟೆ ಹೊರೆಯುವ ಧೈರ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ವನಪರ್ವದಲ್ಲಿದೆ. ಅದು ನಮ್ಮನ್ನು ಹಾನಗಲ್ಲಿನಿಂದ ಶಿಗ್ಗಾಂವಿಯ ಕಡೆಗೆ ಕರೆದೊಯ್ಯುತ್ತದೆ. ಕಾಡಿನಲ್ಲಿ ಕೊರಗುವ ಧರ್ಮರಾಯನಿಗೆ ಬೃಹದಶ್ವ ಮುನಿ ನಳನ ಕಥೆಯನ್ನು ಹೇಳುತ್ತಾನೆ. ಕೊನೆಗೆ ಅವನಿಗೆ ಅಕ್ಷಹೃದಯ ವಿದ್ಯೆಯನ್ನೂ ಕೊಡುತ್ತಾನೆ. ಅದೇ ನಳನ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ ಕನ್ನಡಕ್ಕೆ ಕೊಟ್ಟವರು ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು. 'ನಳಚರಿತ್ರೆ'ಯನ್ನು ನಾವು ತರಗತಿಯಲ್ಲಿ ದಮಯಂತಿಯ ಪಾತಿವ್ರತ್ಯದ ಕಥೆಯಾಗಿ, ಹಂಸದ ಸಂದೇಶದ ಕಥೆಯಾಗಿ, ಅರಣ್ಯದ ವಿರಹದ ಕಥೆಯಾಗಿ ಪಾಠ ಮಾಡುತ್ತೇವೆ. ಆಟದ ಕಥೆಯಾಗಿ ಓದಿದರೆ ಅದರ ರಚನೆ ಬೇರೆಯಾಗಿ ತೋರುತ್ತದೆ. ನಳ ಪುಷ್ಕರನಿಗೆ ಸೋಲುವುದು ಮೊದಲ ಆಟ. ಕುರೂಪಿ ಬಾಹುಕನಾಗಿ ಋತುಪರ್ಣನ ಸೇವೆಗೆ ನಿಲ್ಲುವುದು ವೇಷ. ದಾರಿಯಲ್ಲಿ ಋತುಪರ್ಣ ಒಂದು ತಾರೆಯ ಮರದ ಎಲೆ, ಕಾಯಿಗಳನ್ನು ನೋಟಮಾತ್ರದಿಂದ ಎಣಿಸಿ ಹೇಳುತ್ತಾನೆ, ಬಾಹುಕ ಅದನ್ನು ನಂಬದೆ ಮರವನ್ನು ಕಡಿದು ಎಣಿಸುತ್ತಾನೆ, ಲೆಕ್ಕ ಸರಿಯಾಗುತ್ತದೆ. ಮೂಲ ನಳೋಪಾಖ್ಯಾನದ ಈ ತಾರೆಮರ ಸುಮ್ಮನೆ ಬಂದುದಲ್ಲ. ವೇದಕಾಲದಲ್ಲಿ ದಾಳಗಳಾಗಿ ಬಳಕೆಯಾಗುತ್ತಿದ್ದುದು ಇದೇ ತಾರೆಯ ಕಾಯಿ. ಆದ್ದರಿಂದ ಮರವನ್ನು ಎಣಿಸುವುದೆಂದರೆ ದಾಳವನ್ನು ಎಣಿಸುವುದು. ದೈವವೆಂದು ತೋರುವುದರ ಹಿಂದೆ ಸಂಖ್ಯೆಯಿದೆ ಎಂದು ಅರಿಯುವುದು. ಅಶ್ವಹೃದಯವನ್ನು ಕೊಟ್ಟು ಅಕ್ಷಹೃದಯವನ್ನು ಪಡೆದ ನಳ ಮರಳಿ ಪುಷ್ಕರನ ಎದುರು ಕೂಡುತ್ತಾನೆ, ಗೆಲ್ಲುತ್ತಾನೆ.

ಇಲ್ಲಿ ಎರಡು ಬಗೆಯ ಮರು-ಆಟಗಳನ್ನು ಬೇರ್ಪಡಿಸಬೇಕು. ಸಭಾಪರ್ವದಲ್ಲಿ ಧರ್ಮರಾಯ ಸೋತ ಬೆನ್ನಿಗೇ ಅನುದ್ಯೂತಕ್ಕೆ ಮತ್ತೆ ಕೂಡುತ್ತಾನೆ. ಮೊದಲ ಆಟಕ್ಕೂ ಎರಡನೆಯದಕ್ಕೂ ನಡುವೆ ಅವನು ಏನನ್ನೂ ಕಲಿತಿಲ್ಲ. ಅದು ವ್ಯಸನದ ಮರು-ಆಟ. ನಳನದು ಹಾಗಲ್ಲ. ಅವನ ಎರಡು ಆಟಗಳ ನಡುವೆ ಒಂದು ಅರಣ್ಯವಿದೆ, ಒಂದು ವೇಷವಿದೆ, ಒಬ್ಬ ಗುರುವಿದ್ದಾನೆ. ಹೊರಗಿನಿಂದ ನೋಡುವವನಿಗೆ ಇಬ್ಬರೂ ಸೋತ ಆಟವನ್ನು ಬಿಡಲಾರದವರೇ. ಕಠಿಣ ತಂತ್ರದಾಟವನ್ನು ಮತ್ತೆ ಮತ್ತೆ ಆಡುವವನನ್ನು ಕಂಡು ಮನೆಯವರು ವ್ಯಸನ ಎನ್ನುವಾಗ ಅವರು ಅನುದ್ಯೂತವನ್ನು ಕಾಣುತ್ತಿರುತ್ತಾರೆ; ಆಟಗಾರನು ತಾನು ಋತುಪರ್ಣನ ರಥದಲ್ಲಿದ್ದೇನೆ ಎಂದುಕೊಂಡಿರುತ್ತಾನೆ. ಯಾರು ಸರಿ ಎಂಬುದು ಆ ಆಟದ ನಿಯಮಗಳನ್ನು ಬಿಡಿಸಿ ನೋಡದೆ ತಿಳಿಯುವುದಿಲ್ಲ.

ಒಂದು ಉದಾಹರಣೆ ಕೊಡಬಹುದು. 'ಫೈರ್ ಎಂಬ್ಲೆಮ್' ಸರಣಿಯಲ್ಲಿ ಏಟು ತಗಲುವ ಸಾಧ್ಯತೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸಲಾಗುತ್ತದೆ. 2002ರಲ್ಲಿ ಬಂದ ಆವೃತ್ತಿಯಿಂದ ಈ ಲೆಕ್ಕಕ್ಕೆ ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿಯನ್ನು ತೆಗೆದುಕೊಳ್ಳತೊಡಗಿದರು. ಫಲವಾಗಿ ತೆರೆಯ ಮೇಲೆ 80 ಎಂದು ಕಾಣುವ ಸಾಧ್ಯತೆ ನಿಜದಲ್ಲಿ ಸುಮಾರು 92. 20 ಎಂದು ಕಾಣುವುದು ಸುಮಾರು 8. ಸಾಮಾನ್ಯವಾಗಿ ಆಟಗಾರನ ಕಡೆಯವರ ಗುರಿ ಹೆಚ್ಚು, ಎದುರಾಳಿಗಳದು ಕಡಿಮೆ ಇರುವುದರಿಂದ ದಾಳ ಸದ್ದಿಲ್ಲದೆ ಆಟಗಾರನತ್ತ ವಾಲುತ್ತದೆ. ಶಕುನಿಯ ದಾಳ ಶಕುನಿಯ ಮಾತು ಕೇಳುತ್ತಿತ್ತು. ಇಲ್ಲಿ ದಾಳವನ್ನು ಮಾಡಿದವನೇ ಅದನ್ನು ಎದುರಿಗೆ ಕೂತವನ ಪರವಾಗಿ ತೂಗಿದ್ದಾನೆ. ಎಂಬತ್ತು ಎಂದರೆ ಹೆಚ್ಚುಕಡಿಮೆ ಖಚಿತ ಎಂದು ಮನುಷ್ಯಮನಸ್ಸು ತಿಳಿಯುವ ರೀತಿಗೆ ಲೆಕ್ಕವನ್ನು ಹೊಂದಿಸಿದ್ದಾರೆ. ಅಕ್ಷಹೃದಯವನ್ನು ಬಲ್ಲ ಆಟಗಾರರು ಇದನ್ನೂ ಎಣಿಸಿ ತೆಗೆದು ತಮ್ಮ ತಂತ್ರಕ್ಕೆ ಸೇರಿಸಿಕೊಂಡಿದ್ದಾರೆ.

ಆದರೆ ಎಲ್ಲ ಕಠಿಣ ಆಟಗಳೂ ದಾಳದ ಆಟಗಳಲ್ಲ. ಕಟ್ಟೆಯ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ಗೆರೆ ಎಳೆದು ಆಡುವ ಹುಲಿ-ಕುರಿ ಆಟವನ್ನು ಇಲ್ಲಿ ನೆನೆಯಬೇಕು. ಹಂಪಿಯೂ ಸೇರಿ ಕರ್ನಾಟಕದ ಹಲವು ದೇವಾಲಯಗಳ ನೆಲಹಾಸಿನ ಕಲ್ಲುಗಳಲ್ಲಿ ಇದರ ಮಣೆಯನ್ನು ಕೊರೆದಿರುವುದು ಕಾಣುತ್ತದೆ. ಊರಿಂದೂರಿಗೆ ಭೇದಗಳಿದ್ದರೂ ಸಾಮಾನ್ಯವಾಗಿ ಒಬ್ಬನ ಕೈಯಲ್ಲಿ 3 ಹುಲಿ, ಇನ್ನೊಬ್ಬನ ಕೈಯಲ್ಲಿ 15 ಕುರಿ. ಕುರಿಗಳನ್ನು ಒಂದೊಂದಾಗಿ ಮಣೆಗೆ ಇಡಬೇಕು. ಎಲ್ಲವನ್ನೂ ಇಡುವವರೆಗೆ ಇಟ್ಟ ಕುರಿಯನ್ನು ಕದಲಿಸುವಂತಿಲ್ಲ. ಹುಲಿ ಮೊದಲಿನಿಂದಲೂ ನಡೆಯಬಹುದು. ಪಕ್ಕದ ಕುರಿಯ ಆಚೆ ಮನೆ ಖಾಲಿಯಿದ್ದರೆ ಹಾರಿ ಅದನ್ನು ಹೊಡೆಯಬಹುದು. ಕುರಿಗಳಿಗೆ ಕೊಲ್ಲುವ ಶಕ್ತಿಯೇ ಇಲ್ಲ. ಅವು ಮಾಡಬಹುದಾದ ಕೆಲಸ ಒಂದೇ: ಹುಲಿಗೆ ನಡೆಯಲು ಮನೆಯಿಲ್ಲದಂತೆ ಕಟ್ಟುವುದು.

ಚದುರಂಗದಲ್ಲಿ ಎರಡು ಪಕ್ಷಗಳೂ ಸಮಬಲ. ಇಲ್ಲಿ ಎರಡರ ಸ್ವಭಾವವೇ ಬೇರೆ. ಹುಲಿಯನ್ನು ಆಡುವವನು ಹುಲಿಯಂತೆ ಯೋಚಿಸಬೇಕು, ಕುರಿಯನ್ನು ಆಡುವವನು ಹಿಂಡಿನಂತೆ. ಆದ್ದರಿಂದ ಇದು ಬರಿಯ ತಂತ್ರದಾಟವಲ್ಲ, ಪಾತ್ರದಾಟವೂ ಹೌದು ಎಂದು ಪ್ರಸ್ತುತ ಲೇಖಕನ ಅಭಿಪ್ರಾಯ. ಹೊಸಬರಿಗೆ ಹುಲಿಯನ್ನು ಕೊಡುವುದೂ ನುರಿತವರು ಕುರಿಯನ್ನು ತೆಗೆದುಕೊಳ್ಳುವುದೂ ಸಹಜವಾದ ಏರ್ಪಾಡು. ಹುಲಿಯ ತಪ್ಪು ಒಂದು ನಡೆಯನ್ನು ಮಾತ್ರ ಕೆಡಿಸುತ್ತದೆ. ಕುರಿಯವನ ಒಂದು ತಪ್ಪಿಗೆ ಒಂದು ಜೀವ ಹೋಗುತ್ತದೆ, ಹೋದ ಜೀವದ ಜಾಗದಲ್ಲಿ ಬಿದ್ದ ತೂತು ಮುಂದಿನ ಹತ್ತು ನಡೆಗಳವರೆಗೂ ತುಂಬುವುದಿಲ್ಲ. ನೇಪಾಳದಲ್ಲಿ 4 ಹುಲಿ, 20 ಆಡುಗಳಿಂದ ಆಡುವ ಬಾಘ್-ಚಾಲ್ ಎಂಬ ಸೋದರ ಆಟವನ್ನು 2000ರ ದಶಕದಲ್ಲಿ ಗಣಕದ ನೆರವಿನಿಂದ ಪೂರ್ಣ ವಿಶ್ಲೇಷಣೆಗೆ ಒಳಪಡಿಸಲಾಗಿದ್ದು, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗುತ್ತದೆ ಎಂದು ಕಂಡುಬಂದಿದೆ. ಅಂದರೆ ಅಲ್ಲಿ ಸೋಲಿಗೆ ಯಾವಾಗಲೂ ಒಬ್ಬ ಕರ್ತೃ ಇರುತ್ತಾನೆ. ದೂರಲು ದೈವವಿಲ್ಲ.

ಚೌಕಾಬಾರದ ಪರಿಭಾಷೆ ಇನ್ನೊಂದು ದಿಕ್ಕಿನಿಂದ ಬೆಳಕು ಚೆಲ್ಲುತ್ತದೆ. ಆಟಗಾರ ನಡೆಸುವುದು 'ಕಾಯಿ'. ಅದು ನಡುವಿನ ಮನೆಯನ್ನು ಸೇರಿದಾಗ 'ಹಣ್ಣು' ಆಗುತ್ತದೆ. ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಪಾತ್ರಪ್ರಧಾನ ಆಟಗಳಲ್ಲಿ ಕಾದಾಡಿ ಅನುಭವ ಪಡೆದು ಮೇಲಿನ ಹಂತಕ್ಕೆ ಏರುವ ಕ್ರಮಕ್ಕೆ ಪಾರಿಭಾಷಿಕ ಪದ ಹುಡುಕುವವರು 'ಉನ್ನತೀಕರಣ'ದಂಥ ಕಚೇರಿ ಮಾತುಗಳನ್ನು ಟಂಕಿಸುವ ಬದಲು ನಮ್ಮ ಅಜ್ಜಿಯಂದಿರು ಕವಡೆ ಕೈಯಲ್ಲಿ ಹಿಡಿದು ಆಡುತ್ತಿದ್ದ ಈ ಮಾತನ್ನು ಕೇಳಿಸಿಕೊಳ್ಳುವುದು ಒಳಿತು. ಕಾಯಿ ಹಣ್ಣಾಗುತ್ತದೆ; ಏರುವುದಿಲ್ಲ, ಮಾಗುತ್ತದೆ. ಹಣ್ಣಾಗಲು ಒಂದೇ ಮನೆ ಉಳಿದಿರುವ ಕಾಯಿಯನ್ನು ಹೊಡೆದಾಗ ಆಗುವ ನೋವಿಗೆ ಆ ಪದವೇ ಕಾರಣದಂತೆ ತೋರುತ್ತದೆ. 'ಫೈರ್ ಎಂಬ್ಲೆಮ್'ನಲ್ಲಿ ಇಪ್ಪತ್ತು ಅಧ್ಯಾಯ ಸಾಕಿ ಬೆಳೆಸಿದ ಯೋಧನೊಬ್ಬ ಸತ್ತಾಗ ಆಟವನ್ನೇ ಮೊದಲಿನಿಂದ ಶುರು ಮಾಡುವವರ ಮನಸ್ಸು ಇದಕ್ಕಿಂತ ಬೇರೆಯಲ್ಲ.

ಹೀಗೆ ನೋಡಿದಾಗ ಕಾವ್ಯಮೀಮಾಂಸೆಯ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಕರುಣರಸದಿಂದ ಆನಂದ ಹೇಗೆ ಸಾಧ್ಯ? ತೀ.ನಂ. ಶ್ರೀಕಂಠಯ್ಯನವರು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಚರ್ಚಿಸಿರುವ ಈ ಸಮಸ್ಯೆಯನ್ನೇ ಹೋಲುವ ಪ್ರಶ್ನೆಯನ್ನು ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ 2013ರ ತನ್ನ ಪುಸ್ತಕದಲ್ಲಿ ವಿಡಿಯೋ ಗೇಮುಗಳ ಬಗೆಗೆ ಎತ್ತಿದ್ದಾನೆ: ಸೋಲನ್ನು ಯಾರೂ ಬಯಸುವುದಿಲ್ಲ, ಆದರೂ ಸೋಲು ಖಚಿತವಾಗಿರುವ ಆಟಗಳನ್ನು ಜನ ಹುಡುಕಿಕೊಂಡು ಹೋಗುತ್ತಾರೆ, ಏಕೆ? ದುರಂತನಾಟಕದ ಸಮಸ್ಯೆಯ ಜೊತೆಗಿಟ್ಟು ಅವನು ಇದನ್ನು ನೋಡುತ್ತಾನೆ. ನಮ್ಮ ಉತ್ತರವಾದ ಸಾಧಾರಣೀಕರಣ ಇಲ್ಲಿ ಪೂರ್ತಿ ಹೊಂದುವುದಿಲ್ಲ ಎಂಬುದೇ ಕುತೂಹಲದ ಸಂಗತಿ. ಸಹೃದಯನ ಶೋಕ ಯಾರದೂ ಅಲ್ಲದ ಶೋಕ. ಅದು 'ನನ್ನದು' ಎಂಬ ಕಟ್ಟಿನಿಂದ ಬಿಡುಗಡೆ ಹೊಂದಿದ್ದರಿಂದಲೇ ರಸವಾಗುತ್ತದೆ. ಆಟಗಾರನ ಸೋಲಾದರೋ ಅವನದೇ. ಆ ನಡೆಯನ್ನು ಇಟ್ಟವನು ಅವನು. ಹಾಗಾದರೆ ಇಲ್ಲಿ ಬಿಡುಗಡೆ ಎಲ್ಲಿದೆ?

ದೊಡ್ಡಾಟದ ಕಡೆ ತಿರುಗಿದರೆ ಒಂದು ಸುಳಿವು ಸಿಗುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರು ಪುನಶ್ಚೇತನಕ್ಕಾಗಿ ದುಡಿದ ಈ ಕಲೆಯಲ್ಲಿ ಪಾತ್ರಧಾರಿಗಳು ಹಗಲು ಹೊಲದಲ್ಲಿ ಕೆಲಸ ಮಾಡುವವರು. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ತಡೆದು ಹೆಸರು, ಕುಲ, ಬಂದ ಕಾರಣಗಳನ್ನು ಕೇಳುತ್ತಾನೆ. ಎದುರಿಗೆ ನಿಂತವನು ತನ್ನ ಓಣಿಯವನೇ ಎಂದು ಸಾರಥಿಗೂ ಗೊತ್ತು, ಪ್ರೇಕ್ಷಕರಿಗೂ ಗೊತ್ತು. ಆ ಪ್ರಶ್ನೋತ್ತರದ ಮೂಲಕ ಅವನು ತನ್ನ ಮೈಯನ್ನು ಪಾತ್ರಕ್ಕೆ ಒಪ್ಪಿಸುತ್ತಾನೆ. ಬೆಳಗಿನ ಜಾವ ಕರ್ಣ ಸಾಯುತ್ತಾನೆ, ಪಾತ್ರಧಾರಿ ಬಣ್ಣ ಒರೆಸಿಕೊಂಡು ಹೊಲಕ್ಕೆ ಹೋಗುತ್ತಾನೆ. ಸಾವು ಪಾತ್ರದ್ದು, ದಣಿವು ಪಾತ್ರಧಾರಿಯದು. ತಾಲೀಮಿನಲ್ಲಿ ತಪ್ಪಿದ ಹೆಜ್ಜೆಯ ನಾಚಿಕೆಯೂ ಅವನದೇ. ಆಟಗಾರನ ಸ್ಥಾನ ಸಹೃದಯನದಲ್ಲ, ಈ ಪಾತ್ರಧಾರಿಯದು. ಕಠಿಣ ಆಟದ ಆಕರ್ಷಣೆಯನ್ನು ವಿವರಿಸಲು ರಸದ ಶಾಸ್ತ್ರಕ್ಕಿಂತ ತಾಲೀಮಿನ ಶಾಸ್ತ್ರ ಹೆಚ್ಚು ಉಪಯುಕ್ತವೇನೋ. ಅಂಥ ಶಾಸ್ತ್ರವನ್ನು ಕನ್ನಡದಲ್ಲಿ ಇನ್ನೂ ಬರೆಯಬೇಕಾಗಿದೆ.

ಹಿರೇಕೆರೂರು ಸೀಮೆಯ ಅಬಲೂರಿನ ಶಾಸನವನ್ನೂ ಒಂದು ಮಾತಿನಲ್ಲಿ ಸ್ಮರಿಸಬಹುದು. ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಪಣವಾಗಿಟ್ಟ ಪ್ರಸಂಗವನ್ನು ಅದು ಹೇಳುತ್ತದೆ. ಮತೀಯ ಸಂಘರ್ಷದ ದಾಖಲೆಯಾಗಿ ಅದರ ಚರ್ಚೆ ಬಹಳ ನಡೆದಿದೆ. ನಮ್ಮ ವಿಷಯಕ್ಕೆ ಬೇಕಾದದ್ದು ಬೇರೆ: ಪಣಕ್ಕೆ ಮುನ್ನ ಷರತ್ತುಗಳನ್ನು ಓಲೆಯಲ್ಲಿ ಬರೆದುಕೊಡಬೇಕೆಂದು ಅವನು ಒತ್ತಾಯಿಸುತ್ತಾನೆ. ಇಬ್ಬರೂ ಒಪ್ಪಿದ ನಿಯಮವಿಲ್ಲದೆ ಪಣವಿಲ್ಲ.

ಇಂದಿನ ಹಲವು ಮೊಬೈಲ್ ಆಟಗಳು ಮುರಿದಿರುವುದು ಇದನ್ನೇ. 2017ರಲ್ಲಿ ಮೊಬೈಲಿಗೆ ಬಂದ 'ಫೈರ್ ಎಂಬ್ಲೆಮ್ ಹೀರೋಸ್'ನಲ್ಲಿ ಹೊಸ ಯೋಧರನ್ನು ಪಡೆಯುವುದು ಚೀಟಿ ಎತ್ತಿದಂತೆ. ಚೀಟಿಗೆ ಹಣ ತೆರಬಹುದು. ಅಲ್ಲಿ ಎಷ್ಟು ಸಲ ಸೋತರೂ ಕಲಿಯುವುದಕ್ಕೆ ಏನೂ ಇಲ್ಲ. ತಂತ್ರದಾಟದ ವೇಷದಲ್ಲಿ ಬಂದ ಪುಷ್ಕರನ ನೆತ್ತವಿದು. ಕಾನೂನು ಈ ಭೇದವನ್ನು ಬೇರೆ ರೀತಿಯಲ್ಲಿ ಹಿಡಿಯಲು ಯತ್ನಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ವಿಂಗಡಣೆ ಅಲ್ಲಿ ನಿರ್ಣಾಯಕವಾಗಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬುದನ್ನು ಬದಿಗಿಟ್ಟು, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಹಣದ ದೃಷ್ಟಿಯಿಂದ ಇದು ಸಮರ್ಥನೀಯವಾಗಿರಬಹುದು. ಆದರೆ ನಳನ ಎರಡು ಆಟಗಳಿಗೂ ಪಣ ಒಂದೇ ಬಗೆಯದು ಎಂಬುದನ್ನು ಮರೆಯಬಾರದು. ಅವುಗಳನ್ನು ಬೇರ್ಪಡಿಸುವುದು ಪಣವಲ್ಲ, ಅಕ್ಷಹೃದಯ.

ಮೊಬೈಲಿನಲ್ಲಿ ಕಾಳಗದ ಆಟ ಆಡುವ ನಮ್ಮ ಕಡೆಯ ಹುಡುಗರಲ್ಲಿ ಬಹುಪಾಲು ಮಂದಿಯ ಒಲವು ಗುಂಡು ಹಾರಿಸುವ ವೇಗದ ಆಟಗಳತ್ತ. ನಿಧಾನವಾಗಿ ಯೋಚಿಸಿ ನಡೆ ಇಡುವ ತಂತ್ರದಾಟಕ್ಕೆ ಬರುವವರು ಕಡಿಮೆ. ಬಂದವರಿಗೆ ಕನ್ನಡದಲ್ಲಿ ಮಾತಾಡಲು ಮಾತುಗಳಿಲ್ಲ. ಮನೆ, ಕಾಯಿ, ಹಣ್ಣು, ನಡೆ, ಕಟ್ಟು, ಹೊಡೆ, ಹೂಡು ಎಂಬ ಪರಿಭಾಷೆ ಕಟ್ಟೆಯ ಮೇಲೆ ಉಳಿದಿದೆ, ಅದನ್ನು ಆಡುವವರು ಎಪ್ಪತ್ತು ದಾಟಿದವರು. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ನಾಲ್ಕು ತಾಲ್ಲೂಕುಗಳ ಸಂಶೋಧಕರಿಗೆ ದೂರದ ನೆಪವೂ ಉಳಿದಿಲ್ಲ. ಆಗಬೇಕಾದ ಮೊದಲ ಕೆಲಸ ನಿಯಮಗಳ ಪಟ್ಟಿಯಲ್ಲ. ಒಂದು ಪೂರ್ತಿ ಆಟದ ದಾಖಲೆ. ಮೊದಲ ಕುರಿಯನ್ನು ಇಟ್ಟಲ್ಲಿಂದ ಕೊನೆಯ ಹುಲಿ ಕಟ್ಟಿಬೀಳುವವರೆಗೆ ಪ್ರತಿ ನಡೆಯನ್ನೂ, ನಡೆಯ ಜೊತೆಗೆ ಆಡಿದ ಪ್ರತಿ ಮಾತನ್ನೂ, ಬೈಗುಳವನ್ನೂ, ಸುತ್ತ ನಿಂತು ನೋಡುವವರು ಕೊಡುವ ಬೇಡದ ಸಲಹೆಯನ್ನೂ ಬರೆದುಕೊಳ್ಳಬೇಕು. ಹಾನಗಲ್ಲಿನಲ್ಲಿ ಒಂದು, ಸವಣೂರಿನಲ್ಲಿ ಒಂದು, ಹಿರೇಕೆರೂರಿನಲ್ಲಿ ಒಂದು, ಶಿಗ್ಗಾಂವಿಯಲ್ಲಿ ಒಂದು ಎಂದು ನಾಲ್ಕು ಆಟಗಳನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟರೆ, ಸಿಕ್ಕಿಬಿದ್ದ ಹುಲಿಗೆ ಒಂದೊಂದು ಕಡೆ ಏನೆಂದು ಕರೆಯುತ್ತಾರೆ ಎಂಬಷ್ಟಾದರೂ ನಮಗೆ ತಿಳಿಯುತ್ತದೆ.